ಬೇರೆ ಎಂಜಿನ್ ಕೂರಿಸುವಾಗ ಹೀಟರ್ ಪೈಪ್ ಮುಚ್ಚಿಬಿಡಬಹುದಾ?

ಓದುಗರ ಪ್ರಶ್ನೆ: ಹಳೆ ಜೀಪಿಗೆ ಬೇರೆ ಗಾಡಿಯ ಡೀಸೆಲ್ ಎಂಜಿನ್ ಕೂರಿಸುತ್ತಿದ್ದೇವೆ. ಅದರಲ್ಲಿ ಹೀಟರಿಗೆಂದು ಎರಡು ಪೈಪಿನ ಬಾಯಿ ಇವೆ. ನಮ್ಮ ಜೀಪಿಗೆ ಹೀಟರೇ ಇಲ್ಲ, ಬದಿಯಡ್ಕದಲ್ಲಿ ಅದು ಯಾರಿಗೆ ಬೇಕು? ಎರಡಕ್ಕೂ ಡಮ್ಮಿ ಹಾಕಿದರೆ ಸಾಕಲ್ವಾ?

ಸುಮ್ನೆ ಮುಚ್ಚಬೇಡಿ. ಮೊದಲು ತರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರಿನ ದಾರಿ ತೆರೆಯುವ ವಾಲ್ವ್, ಎಲ್ಲಿದೆ ನೋಡಿ.

ಆ ಎರಡು ಬಾಯಿಗಳಲ್ಲಿ ಒಂದರಿಂದ ಬಿಸಿ ನೀರು ಹೊರಗೆ ಬರುತ್ತದೆ, ಸಾಮಾನ್ಯವಾಗಿ ಸಿಲಿಂಡರ್ ಹೆಡ್ಡಿನ ಕಡೆಯಿಂದ. ಇನ್ನೊಂದು, ವಾಟರ್ ಪಂಪ್ ನೀರು ಎಳೆದುಕೊಳ್ಳುವ ಕಡೆಗೆ ಸೇರುತ್ತದೆ. ಎಂಜಿನ್ ತಣ್ಣಗಿರುವಾಗ ತರ್ಮೋಸ್ಟಾಟ್ ಮುಚ್ಚಿರುತ್ತದೆ, ರೇಡಿಯೇಟರಿಗೆ ದಾರಿ ಇಲ್ಲ, ಆದರೆ ಪಂಪ್ ತಿರುಗುತ್ತಲೇ ಇರುತ್ತದೆ. ಆಗ ನೀರು ಎಂಜಿನ್ನಿನೊಳಗೇ ಸುತ್ತಲು ಬೈಪಾಸ್ ಬೇಕು. ಕೆಲವು ಎಂಜಿನ್‌ಗಳಲ್ಲಿ ಬೈಪಾಸಿನ ಕೆಲಸವನ್ನು, ಪೂರ್ತಿ ಅಲ್ಲದಿದ್ದರೂ ಸ್ವಲ್ಪ ಪಾಲು, ಹೀಟರ್ ಪೈಪೇ ಮಾಡುತ್ತದೆ.

ತರ್ಮೋಸ್ಟಾಟ್ ಹೆಡ್ಡಿನ ಬಳಿ, ನೀರು ಹೊರಡುವ ಜಾಗದಲ್ಲಿದ್ದು ಬೈಪಾಸ್ ಬೇರೆಯೇ ಇದ್ದರೆ ಮುಚ್ಚಬಹುದು. ಲೇತಿನಲ್ಲಿ ಮಾಡಿಸಿದ ಲೋಹದ ಪ್ಲಗ್ ಹಾಕಿ, ರಬ್ಬರ್ ಟೋಪಿ ಬೇಡ, ಬಿಸಿಗೆ ಬಿರುಕು ಬಿಡುತ್ತದೆ. ಆದರೆ ತರ್ಮೋಸ್ಟಾಟ್ ಪಂಪಿನ ಬಳಿ, ನೀರು ಒಳಬರುವ ಕಡೆ ಇದ್ದರೆ ಕಥೆ ಬೇರೆ. ಅದರೊಳಗಿನ ಮೇಣಕ್ಕೆ ಬಿಸಿ ನೀರು ತಾಗಿದರೆ ಮಾತ್ರ ಬಾಯಿ ತೆರೆಯುತ್ತದೆ, ಸಾಮಾನ್ಯವಾಗಿ 82ರಿಂದ 88 ಡಿಗ್ರಿಯಲ್ಲಿ. ಹೀಟರ್ ದಾರಿಯನ್ನೇ ನಂಬಿಕೊಂಡ ಎಂಜಿನ್ನಿನಲ್ಲಿ ಅದನ್ನು ಮುಚ್ಚಿದಿರೋ, ಹೆಡ್ಡಿನಲ್ಲಿ ನೀರು ಕುದಿಯುತ್ತಿದ್ದರೂ ತರ್ಮೋಸ್ಟಾಟಿಗೆ ಸುದ್ದಿಯೇ ತಲುಪುವುದಿಲ್ಲ, ಗೇಜಿನ ಮುಳ್ಳು ಏರುತ್ತಾ ಇಳಿಯುತ್ತಾ ಇರುತ್ತದೆ, ಕೊನೆಗೆ ಯಾರೋ ಬಂದು ತರ್ಮೋಸ್ಟಾಟನ್ನೇ ಕಿತ್ತು ಬಿಸಾಡುತ್ತಾರೆ. ಅದು ರಿಪೇರಿ ಅಲ್ಲ! ಕೆಲವು ಡೀಸೆಲ್ ಎಂಜಿನ್‌ಗಳಲ್ಲಿ ಇದೇ ಸಾಲಿನ ನೀರು ಇಜಿಆರ್ ಕೂಲರಿಗೂ (ಎಂಜಿನ್ನಿಗೆ ವಾಪಸ್ ಹೋಗುವ ಹೊಗೆಯನ್ನು ತಣಿಸುವ ಭಾಗ) ಹೋಗುತ್ತದೆ. ಅದನ್ನೂ ನೋಡಿ.

ಅನುಮಾನ ಇದ್ದರೆ ಎರಡು ಬಾಯಿಗಳನ್ನು ಒಂದೇ ಹೋಸಿನಿಂದ ಜೋಡಿಸಿ. ಇದಕ್ಕೂ ಒಂದು ಸಣ್ಣ ತೊಂದರೆ ಇದೆ. ಹೋಸ್ ದಪ್ಪ ಇದ್ದರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಮತ್ತೆ ಪಂಪಿಗೇ ಬರುತ್ತದೆ. ನಮ್ಮ ಸೆಕೆಗೆ, ಲೋಡ್ ಹಾಕಿ ಗುಡ್ಡ ಹತ್ತುವ ಜೀಪಿಗೆ ಅದು ಒಳ್ಳೆಯದಲ್ಲ.

ನನ್ನನ್ನು ಕೇಳಿದರೆ ಒಂದು ಹೀಟರ್ ಹಾಕಿಸಿಬಿಡಿ. ಚಳಿಗಲ್ಲ, ಮಳೆಗೆ. ಜೂನ್ ಜುಲೈಯಲ್ಲಿ ಟಾರ್ಪಾಲು ಇಳಿಸಿ ನಾಲ್ಕು ಜನ ಕೂತರೆ ಮುಂದಿನ ಗಾಜು ಮಂಜಾಗುತ್ತದೆ, ಒರೆಸಿದಷ್ಟೂ ಮತ್ತೆ ಕಟ್ಟುತ್ತದೆ. ಬಿಸಿ ಗಾಳಿ ಬಿಟ್ಟರೆ ಬೇಗ ತಿಳಿಯಾಗುತ್ತದೆ. ಪಾಣತ್ತೂರು ದಾಟಿ ಭಾಗಮಂಡಲದ ಕಡೆ ಹತ್ತುವವರಿಗೆ ಇದು ಚೆನ್ನಾಗಿ ಗೊತ್ತು. ಏರಿನಲ್ಲಿ ಎಂಜಿನ್ ಬಿಸಿ ಏರಿದರೆ ಹೀಟರ್ ಫುಲ್ ಇಟ್ಟು ನಿಧಾನ ಮಾಡಬಹುದು, ಸ್ವಲ್ಪ ಬಿಸಿ ಅಲ್ಲಿಂದಲೂ ಹೊರಗೆ ಹೋಗುತ್ತದೆ. ಒಳಗೆ ಕೂತವರು ಬೆವರುತ್ತಾರೆ, ಬೆವರಲಿ.

ಪೈಪ್ ಎಳೆಯುವಾಗ ಹೆಡ್ಡಿನ ಬಾಯಿಯಿಂದ ಹೀಟರಿನ ಕೆಳಗಿನ ಪೈಪಿಗೆ ಕೊಡಿ, ಮೇಲಿನದ್ದನ್ನು ಪಂಪಿಗೆ ತನ್ನಿ, ಗಾಳಿ ಹೊರಗೆ ಹೋಗಲು ಸುಲಭ. ಹೋಸ್ ಹೆಚ್ಚಾಗಿ 16 ಅಥವಾ 19 ಮಿ.ಮೀ. ಒಳಅಳತೆಯದ್ದು. ಎರಡು ಕಡೆ ಅಳತೆ ಬೇರೆ ಇದ್ದರೆ ನಡುವೆ ರೆಡ್ಯೂಸರ್ ಹಾಕಿ, ಹೋಸನ್ನು ಎಳೆದು ಹಿಗ್ಗಿಸಬೇಡಿ. ತೋಟಕ್ಕೆ ನೀರು ಬಿಡುವ ಪೈಪ್ ಮನೆಯಲ್ಲಿ ಬೇಕಾದಷ್ಟು ಇರುತ್ತದೆ, ಆದರೆ ಇಲ್ಲಿಗೆ ಅದು ಬೇಡ, ಬಿಸಿಗೆ ಮೆತ್ತಗಾಗಿ ಕಳಚಿಕೊಳ್ಳುತ್ತದೆ. ಡೀಸೆಲ್ ಹೋಸೂ ಬೇಡ. ಕೂಲೆಂಟಿನದ್ದೇ ಕೇಳಿ ತನ್ನಿ. ಸೈಲೆನ್ಸರ್ ಮ್ಯಾನಿಫೋಲ್ಡ್, ಟರ್ಬೋ ಹತ್ತಿರ ಹೋಗದಂತೆ ಸುತ್ತಿಸಿ. ತಗಡು ದಾಟುವ ತೂತಿಗೆ ಗ್ರಾಮೆಟ್ (ರಬ್ಬರ್ ಬಳೆ) ಇರಲಿ. ಹೊರಡುವಾಗ, ಗೇರ್ ಹಾಕುವಾಗ ಎಂಜಿನ್ ಅಲುಗಾಡುತ್ತದೆ, ಬಿಗಿಯಾಗಿ ಎಳೆದ ಹೋಸ್ ಬಾಯಿಯ ಹತ್ತಿರವೇ ಹರಿಯುವುದು, ಅದಕ್ಕೇ ಸ್ವಲ್ಪ ಸಡಿಲ ಬಿಡಿ. ಲೇತಿನಲ್ಲಿ ಪೈಪ್ ಮಾಡಿಸಿದರೆ ತುದಿಯಲ್ಲಿ ಉಬ್ಬು ಕೇಳಿ. ನುಣ್ಣಗಿನ ತುದಿಯಿಂದ ಹೋಸ್ ಒತ್ತಡಕ್ಕೆ ಕ್ಲಿಪ್ ಸಮೇತ ಜಾರುತ್ತದೆ.

ಕೂಲೆಂಟ್ ತುಂಬುವಾಗ ಜೀಪಿನ ಮೂತಿ ಏರಿನ ಕಡೆ ಇರಲಿ, ಹೀಟರ್ ಟ್ಯಾಪ್ ತೆರೆದಿರಲಿ. ಅದಕ್ಕೆ ಬೇಕಾದ ಏರು ನಿಮ್ಮ ಅಂಗಳದ ಹೊರಗೇ ಸಿಗುತ್ತದೆ. ಒಮ್ಮೆ ಪೂರ್ತಿ ಬಿಸಿಯಾಗಿ ತಣಿದ ಮೇಲೆ ಕ್ಲಿಪ್ ಮತ್ತೊಮ್ಮೆ ಬಿಗಿ ಮಾಡಿ, ಕೂಲೆಂಟ್ ಮಟ್ಟ ನೋಡಿ.

ಹಾಂ, ಎಂಜಿನ್ ನಂಬರ್ ಆರ್‌ಸಿಯಲ್ಲಿದೆ. ಎಂಜಿನ್ ಇಳಿಸುವ ಮೊದಲೇ ಆರ್‌ಟಿಒ ಆಫೀಸಿನಲ್ಲಿ ಕೇಳಿ.