ಅಂದಾಜುಪಟ್ಟಿಯ ಬಾಗಿಲಲ್ಲಿ ನಿಂತ ಇಟ್ಟಿಗೆ

ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿಟ್ಟಿರುವುದು ಸಿಮೆಂಟ್ ಅಲ್ಲ, ಸುರ್ಕಿ ಗಾರೆ. 1911ರಲ್ಲಿ ಕೆಲಸ ಶುರುವಾದಾಗ ಸಿಮೆಂಟನ್ನು ಹೊರದೇಶದಿಂದ ತರಿಸಬೇಕಿತ್ತು, ಅದು ಕೈಗೆಟುಕುವ ಬೆಲೆಯದಾಗಿರಲಿಲ್ಲ. ಸುಣ್ಣಕ್ಕೆ ಸುಟ್ಟ ಮಣ್ಣಿನ ಪುಡಿ ಬೆರೆಸಿದರೆ ನೀರಿನಲ್ಲೂ ಗಟ್ಟಿಯಾಗುತ್ತದೆ. ಒಡೆದ ಇಟ್ಟಿಗೆಯನ್ನು ಕುಟ್ಟಿ ಈ ಪುಡಿ ಮಾಡಿಕೊಳ್ಳುವುದು ಆಗಿನ ಗಾರೆ ಕೆಲಸದವರಿಗೆ ಹೊಸದೇನಲ್ಲ. ಸರ್ಕಾರಿ ಕಾಮಗಾರಿಯಲ್ಲಿ ಮರುಬಳಕೆಯ ವಸ್ತು ಎಂದಾಗ ಮೂಗು ಮುರಿಯುವವರು ಇದನ್ನು ನೆನಪಿಸಿಕೊಳ್ಳಬೇಕು.

ಆಮೇಲೆ ಸಿಮೆಂಟ್ ಹೇರಳವಾಯಿತು. ಲೋಕೋಪಯೋಗಿ ಇಲಾಖೆಯ ದರಪಟ್ಟಿ, ಅಂದಾಜುಪಟ್ಟಿ, ಟೆಂಡರು ಎಲ್ಲವೂ ಸಿಮೆಂಟ್, ಉಕ್ಕು, ನದಿ ಮರಳು, ಸುಟ್ಟ ಇಟ್ಟಿಗೆಯ ಲೆಕ್ಕದಲ್ಲೇ ಸಾಗಿದವು. ಸರ್ಕಾರಿ ಕಟ್ಟಡಕ್ಕೆ ಒಂದು ವಸ್ತು ಹೋಗಬೇಕಾದರೆ ಅದು ಗಟ್ಟಿಯಾಗಿದ್ದರಷ್ಟೇ ಸಾಲದು. ಅದಕ್ಕೊಂದು ಮಾನಕ ಬೇಕು, ದರಪಟ್ಟಿಯಲ್ಲಿ ಒಂದು ಸಾಲು ಬೇಕು, ಕೊನೆಗೆ ಒಬ್ಬ ಎಂಜಿನಿಯರ್ ಧೈರ್ಯ ಮಾಡಿ ಅದನ್ನು ಅಂದಾಜಿನಲ್ಲಿ ಬರೆಯಬೇಕು. ಬದಲಿ ವಸ್ತುಗಳ ಅರ್ಧ ಶತಮಾನದ ಕಥೆ ಮುಗ್ಗರಿಸಿರುವುದು ಈ ಕೊನೆಯ ಮೆಟ್ಟಿಲಲ್ಲಿ.

ಮಣ್ಣಿನ ಇಟ್ಟಿಗೆಯನ್ನೇ ನೋಡಿ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ‘ಅಸ್ತ್ರ’ ಹುಟ್ಟಿತು. ವಿಜ್ಞಾನವನ್ನು ಹಳ್ಳಿಗೆ ಒಯ್ಯುವುದು ಅದರ ಗುರಿ. ಕೆ.ಎಸ್. ಜಗದೀಶ್ ಮತ್ತು ಜೊತೆಗಾರರು ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡುವ ವಿಧಾನವನ್ನು ಪಳಗಿಸಿದರು. ಯಂತ್ರದ ಪೆಟ್ಟಿಗೆಗೆ ತೂಗಿದ ಮಣ್ಣು ಸುರಿದು, ಮುಚ್ಚಳ ಬಿಗಿದು, ಉದ್ದನೆಯ ಹಿಡಿಯನ್ನು ಮೈಭಾರ ಹಾಕಿ ಎಳೆದರೆ ಚೌಕಟ್ಟಾದ ಹಸಿ ಇಟ್ಟಿಗೆ ಮೇಲೇಳುತ್ತದೆ. ಗೂಡಿಲ್ಲ, ಸೌದೆಯಿಲ್ಲ. ಮೂರು ನಾಲ್ಕು ವಾರ ನೀರುಣಿಸಿದರೆ ಗೋಡೆಗೆ ಸಿದ್ಧ. ಇಂಥ ಇಟ್ಟಿಗೆಗೆ ಭಾರತೀಯ ಮಾನಕವೂ ಇದೆ, ಐಎಸ್ 1725. ಅದು ಮೊದಲು ಪ್ರಕಟವಾದದ್ದು 1960ರಲ್ಲಿ! ಬೆಂಗಳೂರಿನಲ್ಲಿ ಆಸಕ್ತ ಮನೆ ಮಾಲೀಕರು ಇದನ್ನು ಪ್ರೀತಿಯಿಂದ ಕಟ್ಟಿಸಿಕೊಂಡರು. ಊರಿನ ಶಾಲೆ, ಅಂಗನವಾಡಿ, ಪಂಚಾಯಿತಿ ಕಚೇರಿಗಳಲ್ಲಿ ಮಾತ್ರ ಇದನ್ನು ಹುಡುಕಬೇಕು.

ಈ ಕೊರತೆ ತುಂಬಬೇಕಿದ್ದವು ನಿರ್ಮಿತಿ ಕೇಂದ್ರಗಳು. ಕೇರಳದ ಕೊಲ್ಲಂನಲ್ಲಿ ಪ್ರವಾಹದ ನಂತರ ಮೊದಲ ಕೇಂದ್ರ ತಲೆಯೆತ್ತಿತು. 1988ರಲ್ಲಿ ಕೇಂದ್ರ ಸರ್ಕಾರ ಅದನ್ನು ದೇಶದ ಕಾರ್ಯಕ್ರಮವಾಗಿಸಿತು. ಕರ್ನಾಟಕದಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲೆಗೊಂದು ಕೇಂದ್ರ ಬಂತು. ಕಡಿಮೆ ವೆಚ್ಚದ, ಸ್ಥಳೀಯ ವಸ್ತುಗಳ ಕಟ್ಟಡವೇ ಅವುಗಳ ಹುಟ್ಟಿನ ಉದ್ದೇಶ. ಆದರೆ ಅನೇಕ ಕಡೆ ಅವು ಕಟ್ಟುತ್ತಿರುವುದು ಮಾಮೂಲಿ ಕಾಂಕ್ರೀಟ್ ಪೆಟ್ಟಿಗೆಗಳನ್ನೇ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ಕಲ್ಲಿದ್ದಲು ಸುಟ್ಟಾಗ ಉಳಿಯುವ ನುಣ್ಣನೆಯ ಹಾರುಬೂದಿಯ ದಾರಿ ಬೇರೆ. ನಮ್ಮ ಕಲ್ಲಿದ್ದಲಿನ ಸುಮಾರು ಮೂರನೇ ಒಂದು ಭಾಗ ಬೂದಿಯೇ. ರಾಯಚೂರು ಶಾಖೋತ್ಪನ್ನ ಸ್ಥಾವರವಿರುವ ಶಕ್ತಿನಗರದ ಸುತ್ತಮುತ್ತ ಇರುವವರಿಗೆ ಇದನ್ನು ವಿವರಿಸಬೇಕಿಲ್ಲ. 1999ರ ಕೇಂದ್ರ ಅಧಿಸೂಚನೆ ಶಾಖೋತ್ಪನ್ನ ಸ್ಥಾವರದಿಂದ 50 ಕಿಲೋಮೀಟರ್ ಒಳಗೆ ಇಟ್ಟಿಗೆಗೆ ಬೂದಿ ಬೆರೆಸುವುದನ್ನು ಕಡ್ಡಾಯ ಮಾಡಿತು. ಆ ವ್ಯಾಪ್ತಿ 2003ರಲ್ಲಿ 100, 2016ರಲ್ಲಿ 300 ಕಿಲೋಮೀಟರಿಗೆ ಹಿಗ್ಗಿತು. ಕಾನೂನು ಬೆನ್ನು ಹತ್ತಿದ್ದರಿಂದ ಬೂದಿ ಚಲಾವಣೆಗೆ ಬಂತು.

ಮರಳಿನಲ್ಲೂ ಹಾಗೆಯೇ. 2012ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಸಣ್ಣ ಮರಳು ಗಣಿಗೂ ಪರಿಸರ ಅನುಮತಿ ಬೇಕೆಂದಿತು. ನದಿ ಮರಳು ದುರ್ಲಭವಾಗುತ್ತಿದ್ದಂತೆ, ಅದುವರೆಗೆ ಅನುಮಾನದಿಂದ ನೋಡುತ್ತಿದ್ದ ಎಂ-ಸ್ಯಾಂಡನ್ನು ಗುತ್ತಿಗೆದಾರರು ಒಪ್ಪಿಕೊಂಡರು. ನಮ್ಮಲ್ಲಿ ಅಭ್ಯಾಸ ಬದಲಾಗುವುದು ಹಳೆಯ ಬಾಗಿಲು ಮುಚ್ಚಿದಾಗ. ಆದರೆ ಎಂ-ಸ್ಯಾಂಡ್ ಬರುವುದು ಬಂಡೆ ಪುಡಿ ಮಾಡಿ. ನದಿಗೆ ತುಸು ಬಿಡುವು ಸಿಕ್ಕಿತು, ಗುಡ್ಡಗಳು ಕರಗುತ್ತಿವೆ.

ಇತ್ತ ಕೆಡವಿದ ಕಟ್ಟಡಗಳ ಅವಶೇಷ ರಾತ್ರೋರಾತ್ರಿ ಕೆರೆಯಂಗಳ ಸೇರುತ್ತಿದೆ. ಅದನ್ನು ಪುಡಿ ಮಾಡಿ ಮತ್ತೆ ಬಳಸುವ ಘಟಕ 2009ರಲ್ಲೇ ದೆಹಲಿಯ ಬುರಾರಿಯಲ್ಲಿ ಶುರುವಾಯಿತು. ಸುಪ್ರೀಂ ಕೋರ್ಟಿನ ಹೊಸ ಕಟ್ಟಡ ಸಮುಚ್ಚಯಕ್ಕೂ ಇಂಥ ವಸ್ತುವಿನ ಬ್ಲಾಕುಗಳು ಬಳಕೆಯಾದವು. ಕಟ್ಟಡ ಅವಶೇಷ ನಿರ್ವಹಣೆಯ 2016ರ ಕೇಂದ್ರ ನಿಯಮಗಳು ಸರ್ಕಾರಿ ಗುತ್ತಿಗೆಗಳಲ್ಲಿ ಶೇ 10ರಿಂದ 20ರಷ್ಟು ಇಂಥ ಸಾಮಗ್ರಿ ಕಡ್ಡಾಯವಾಗಬೇಕೆಂದು ಹೇಳಿದವು.

ಎಂಜಿನಿಯರುಗಳ ಅಳುಕು ಸುಳ್ಳಲ್ಲ. ಹಳೆಯ ಕಾಂಕ್ರೀಟಿನ ಜಲ್ಲಿಗೆ ಗಾರೆ ಅಂಟಿಕೊಂಡೇ ಇರುತ್ತದೆ. ಅದು ನೀರು ಹೀರಿ ಮಿಶ್ರಣವನ್ನು ಒಣಗಿಸುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಸೇರಿದ್ದರೆ ಇನ್ನೂ ತೊಂದರೆ. ಅದಕ್ಕೇ ಜಲ್ಲಿ, ಮರಳಿನ ಮಾನಕವಾದ, 2016ರಲ್ಲಿ ಪರಿಷ್ಕೃತವಾದ ಐಎಸ್ 383 ಅಳತೆಯಿಟ್ಟಿದೆ: ಹಳೆಯ ಕಾಂಕ್ರೀಟಿನ ಜಲ್ಲಿಯನ್ನು ಉಕ್ಕು ಕಟ್ಟಿದ ಕಾಂಕ್ರೀಟಿನಲ್ಲಿ ಶೇ 20ರವರೆಗೆ, ಅದೂ ಬಲದ ಅಳತೆಯಲ್ಲಿ ಎಂ25 ದರ್ಜೆಯವರೆಗೆ ಮಾತ್ರ, ಎಂ15ಕ್ಕಿಂತ ಕೆಳಗಿನ ಬಡಕಲು ಕಾಂಕ್ರೀಟಿನಲ್ಲಿ ಇಟ್ಟಿಗೆ ಚೂರು ಬೆರೆತ ಅವಶೇಷದ ಜಲ್ಲಿಯನ್ನೂ ಶೇ 100ರಷ್ಟು ಬಳಸಬಹುದು.

2025ರಲ್ಲಿ ಹೊರಟು 2026ರ ಏಪ್ರಿಲ್ 1ರಿಂದ ಜಾರಿ ಎಂದು ನಿಗದಿಯಾದ ಅವಶೇಷ ನಿರ್ವಹಣೆಯ ಹೊಸ ನಿಯಮಗಳು ಅವಶೇಷ ಉಂಟುಮಾಡುವವರ ಹೊಣೆಯನ್ನು ಮುಖ್ಯವಾಗಿ 20,000 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ಯೋಜನೆಗಳ ಮೇಲೆ ಹೊರಿಸುತ್ತವೆ. ಎರಡು ಕೊಠಡಿಯ ಶಾಲೆ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಹಳೆಯ ಕೊಠಡಿ ಕೆಡವುವಾಗ ಹಂಚು, ತೊಲೆ, ಕಬ್ಬಿಣಕ್ಕೆ ಬೆಲೆ ಕಟ್ಟುತ್ತಾರೆ. ಗೋಡೆಗೆ ಬೆಲೆಯಿಲ್ಲ, ಅದು ಹಳ್ಳಕ್ಕೆ ಹೋಗುತ್ತದೆ. ಹೊಸ ಕೊಠಡಿಯ ಅಡಿಪಾಯದ ತಳಕ್ಕೆ, ನೆಲಹಾಸಿನ ಕೆಳಗೆ ಹಾಕುವ 1:4:8 (ಸಿಮೆಂಟ್, ಮರಳು, ಜಲ್ಲಿಯ ಪ್ರಮಾಣ) ಕಾಂಕ್ರೀಟು ಎಂ15ಕ್ಕಿಂತ ಎಷ್ಟೋ ಕೆಳಗಿನದು. ಆ ಗೋಡೆಯನ್ನೇ ಶುಚಿಮಾಡಿ ಒಡೆದು, ಪರೀಕ್ಷೆ ಮಾಡಿಸಿ ಅಲ್ಲಿಗೆ ತುಂಬಲು ಇಂದಿನ ಮಾನಕವೇ ಅವಕಾಶ ಕೊಡುತ್ತದೆ. ಇಲಾಖೆ ಅದನ್ನು ಅಂದಾಜುಪಟ್ಟಿಯಲ್ಲಿ ಬರೆಯುವುದಷ್ಟೇ ಬಾಕಿ.