ಮಿದುಳಿನ ರಾಸಾಯನಿಕಗಳನ್ನು ಎಂಆರ್‌ಎಸ್ ಅಳೆಯುವ ಬಗೆ

ಹಾಸನದಲ್ಲಿ ಇಮೇಜಿಂಗ್ ಟೆಕ್ನಾಲಜಿ ಓದುತ್ತಿರುವ ಗೆಳೆಯರೇ, ಎಂಆರ್ ಸ್ಪೆಕ್ಟ್ರೋಸ್ಕೋಪಿಯಲ್ಲಿ (ಎಂಆರ್‌ಎಸ್, ಅಂದರೆ ಎಂಆರ್‌ಐ ಸ್ಕ್ಯಾನರ್‌ನಲ್ಲೇ ರಾಸಾಯನಿಕಗಳನ್ನು ಅಳೆಯುವ ವಿಧಾನ) ಪೀಕ್‌ಗಳ, ಅಂದರೆ ಗ್ರಾಫ್‌ನಲ್ಲಿ ಏಳುವ ಶಿಖರಗಳ ಹೆಸರನ್ನು ಸುಮ್ನೆ ಬಾಯಿಪಾಠ ಮಾಡಬೇಡಿ. ಮೊದಲು ಫ್ರೀಕ್ವೆನ್ಸಿ ಅರ್ಥವಾಗಲಿ, ಉಳಿದದ್ದು ತಾನಾಗಿ ತಿಳಿಯುತ್ತದೆ.

ಆಕಾಶವಾಣಿ ಹಾಸನ ಕೇಳಲು ರೇಡಿಯೊವನ್ನು 102.2 ಮೆಗಾಹರ್ಟ್ಸ್‌ಗೆ ತಿರುಗಿಸುತ್ತೇವೆ ಅಲ್ವಾ? 3 ಟೆಸ್ಲಾ ಕಾಂತಕ್ಷೇತ್ರದ ಸ್ಕ್ಯಾನರ್‌ನಲ್ಲಿ ಹೈಡ್ರೋಜನ್ ಪ್ರೋಟಾನ್‌ಗಳ ಸಿಗ್ನಲ್ ಸುಮಾರು 128 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. ಎಫ್‌ಎಂಗೆ ಅಷ್ಟು ಹತ್ತಿರ! ಹೊರಗಿನ ರೇಡಿಯೊ ಅಲೆ ಒಳನುಗ್ಗದಿರಲಿ ಎಂದೇ ಆ ಕೋಣೆಯ ಗೋಡೆಗೆ ಸಾಮಾನ್ಯವಾಗಿ ತಾಮ್ರದ ಹೊದಿಕೆ ಇರುತ್ತದೆ.

ಆದರೆ ಎಲ್ಲ ಪ್ರೋಟಾನ್‌ಗಳ ಫ್ರೀಕ್ವೆನ್ಸಿಯೂ ಒಂದೇ ಅಲ್ಲ. ಸುತ್ತಲಿನ ಎಲೆಕ್ಟ್ರಾನ್‌ಗಳು ಕಾಂತಕ್ಷೇತ್ರವನ್ನು ಚೂರು ತಡೆಯುತ್ತವೆ. ಅಣು ಬದಲಾದರೆ ಆ ತಡೆಯೂ ಬದಲಾಗುತ್ತದೆ. ಇದೇ ಕೆಮಿಕಲ್ ಶಿಫ್ಟ್. ಇದನ್ನು ಪಿಪಿಎಂನಲ್ಲಿ, ಅಂದರೆ ಹತ್ತು ಲಕ್ಷಕ್ಕೆ ಇಷ್ಟು ಎಂದು ಹೇಳುತ್ತಾರೆ. ನೀರು 4.7ರಲ್ಲಿ, ಎನ್‌ಎಎ (ಎನ್-ಅಸಿಟೈಲ್ ಆಸ್ಪಾರ್ಟೇಟ್ ಎಂಬ ಮಿದುಳಿನ ರಾಸಾಯನಿಕ) 2.0ರಲ್ಲಿ. ನಡುವಿನ ಅಂತರ ಸುಮಾರು 345 ಹರ್ಟ್ಸ್. ಸೆಕೆಂಡಿಗೆ 12 ಕೋಟಿ 80 ಲಕ್ಷ ಸುತ್ತಿನಲ್ಲಿ ಇಷ್ಟೇ ವ್ಯತ್ಯಾಸ! ಕ್ರಿಯಾಟಿನ್ 3.0, ಕೋಲಿನ್ 3.2: ಇವುಗಳ ನಡುವೆ ಬರೀ 25 ಹರ್ಟ್ಸ್ ಆಸುಪಾಸು. ಕಾಂತಕ್ಷೇತ್ರ ಸ್ವಲ್ಪ ಏರುಪೇರಾದರೂ ಎರಡೂ ಬೆರೆತುಹೋಗುತ್ತವೆ. ಶಿಮ್ಮಿಂಗ್‌ಗೆ, ಅಂದರೆ ಕಾಂತಕ್ಷೇತ್ರವನ್ನು ಸಮಗೊಳಿಸಲು, ಅಷ್ಟು ಹೊತ್ತು ಕೊಡುವುದು ಇದಕ್ಕೇ. ಮೂಳೆ, ಗಾಳಿ ಇರುವ ಸೈನಸ್ ಹತ್ತಿರ ವಾಕ್ಸೆಲ್ (ಅಳೆಯಲು ಆರಿಸಿದ ಘನಾಕಾರದ ಜಾಗ) ಇಟ್ಟರೆ ಕೆಲಸ ಕೆಡುತ್ತದೆ.

ಇನ್ನೊಂದು ತೊಡಕು ನೀರು. ಅದರ ಸಿಗ್ನಲ್ ಉಳಿದವುಗಳಿಗಿಂತ ಸಾವಿರಾರು ಪಟ್ಟು ಜಾಸ್ತಿ. ಅದನ್ನು ಮೊದಲು ತಗ್ಗಿಸಬೇಕು. ಉಳಿದ ಸಿಗ್ನಲ್ ತೀರಾ ಕಡಿಮೆಯಾದ್ದರಿಂದ ಒಂದೊಂದು ಬದಿಯೂ ಸುಮಾರು 2 ಸೆಂ.ಮೀ. ಇರುವಷ್ಟು ದೊಡ್ಡ ವಾಕ್ಸೆಲ್ ಬೇಕು, ಹಲವು ನಿಮಿಷ ಮತ್ತೆ ಮತ್ತೆ ಅಳೆದು ಸರಾಸರಿ ತೆಗೆಯುವುದೂ ಬೇಕು.

ಎನ್‌ಎಎ ನರಕೋಶಗಳ ಸ್ಥಿತಿಯನ್ನು, ಕೋಲಿನ್ ಕೋಶಪೊರೆಯ ಚಟುವಟಿಕೆಯನ್ನು ತೋರಿಸುತ್ತದೆ. ಗಡ್ಡೆಗಳಲ್ಲಿ ಸಾಮಾನ್ಯವಾಗಿ ಕೋಲಿನ್ ಏರಿ ಎನ್‌ಎಎ ಇಳಿಯುತ್ತದೆ. ಎನ್‌ಎಎ ಇಳಿಯುವ ಕಾಯಿಲೆಗಳೇ ಬಹಳ, ಆದರೆ ಕ್ಯಾನವನ್ ಎಂಬ ಅಪರೂಪದ ಆನುವಂಶಿಕ ಕಾಯಿಲೆಯಲ್ಲಿ ಅದು ಏರುತ್ತದೆ. ಲ್ಯಾಕ್ಟೇಟ್ 1.3ರಲ್ಲಿ ಜೋಡಿ ಪೀಕ್. ಟಿಇ (ಎಕೋ ಟೈಮ್, ಸಿಗ್ನಲ್ ಹಿಡಿಯುವ ಮುನ್ನ ಕಾಯುವ ಸಮಯ) 144 ಮಿಲಿಸೆಕೆಂಡ್ ಇಟ್ಟರೆ ತಲೆಕೆಳಗಾಗಿ ಕಾಣುತ್ತದೆ.

ಡೋಪಮೈನ್, ಸೆರಟೋನಿನ್ ಇದರಲ್ಲಿ ಕಾಣುವುದಿಲ್ಲ. ಅವುಗಳ ಪ್ರಮಾಣ ಅಷ್ಟು ಕಡಿಮೆ. ಗಾಬಾ ಎಂಬ ನರವಾಹಕವನ್ನು ಅಳೆಯಬಹುದು, ಆದರೆ ಅದು 3.0ರಲ್ಲಿ ಕ್ರಿಯಾಟಿನ್ ಅಡಿಯಲ್ಲಿ ಅಡಗಿರುತ್ತದೆ. ಬೇರ್ಪಡಿಸಲು ಮೆಗಾ-ಪ್ರೆಸ್ ಎಂಬ ಸೀಕ್ವೆನ್ಸ್ (ಸ್ಕ್ಯಾನ್ ಮಾಡುವ ಕ್ರಮ) ಬೇಕು.

ರಿಪೋರ್ಟ್‌ನಲ್ಲಿ ಬರುವುದು ಹೆಚ್ಚಾಗಿ ಅನುಪಾತ: ಕೋಲಿನ್ ಭಾಗಿಸು ಕ್ರಿಯಾಟಿನ್, ಎನ್‌ಎಎ ಭಾಗಿಸು ಕ್ರಿಯಾಟಿನ್. ಕ್ರಿಯಾಟಿನ್ ಬದಲಾಗುವುದಿಲ್ಲ ಎಂದು ನಂಬಿ ಮಾಡುವ ಲೆಕ್ಕ ಇದು. ಗಡ್ಡೆಯಲ್ಲಿ ಅದೂ ಇಳಿಯಬಹುದು. ಕೋಲಿನ್ ಅನುಪಾತ ಏರಿದ್ದರೆ ಕೋಲಿನ್ ಏರಿತೋ, ಕ್ರಿಯಾಟಿನ್ ಇಳಿಯಿತೋ ಎಂದು ಗ್ರಾಫ್‌ನಲ್ಲೇ ನೋಡಿ. ಮಿದುಳಿನ ಇನ್ನೊಂದು ಬದಿಯ ಅದೇ ಜಾಗದಲ್ಲಿ ಒಂದು ವಾಕ್ಸೆಲ್ ತೆಗೆದಿದ್ದರೆ ಹೋಲಿಸುವುದು ಸುಲಭ.