ಬಿಪಿ ವಂಶದಲ್ಲೇ ಇದ್ದರೆ ಉಪ್ಪು ಬಿಟ್ಟು ಏನು ಸುಖ?

"ಡಾಕ್ಟ್ರೇ, ನಮ್ಮಪ್ಪನಿಗೂ ಬಿಪಿ, ತಾತನಿಗೂ ಬಿಪಿ. ರಕ್ತದಲ್ಲೇ ಬಂದಿರೋದಕ್ಕೆ ನಾನು ಉಪ್ಪು ಬಿಟ್ಟು ಏನು ಸುಖ?" ಈ ಮಾತು ಕೇಳಿ ಕೇಳಿ ಅಭ್ಯಾಸವಾಗಿದೆ. ಮೊದಲರ್ಧ ಸರಿ, ಎರಡನೆಯದು ತಪ್ಪು. ವಂಶದಲ್ಲಿ ಬಿಪಿ ಇದೆ ಅಂದ ಮಾತ್ರಕ್ಕೆ ಊಟ ಬದಲಿಸಿದ ಲಾಭ ಕಡಿಮೆಯಾಗುವುದಿಲ್ಲ. ಕೆಲವರಲ್ಲಂತೂ ಆ ಲಾಭ ಬೇರೆಯವರಿಗಿಂತ ಜಾಸ್ತಿ.

ಒಬ್ಬರಿಗೂ ಇನ್ನೊಬ್ಬರಿಗೂ ಬಿಪಿಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಸುಮಾರು ಶೇಕಡಾ 30ರಿಂದ 50ರಷ್ಟು ಜೀನ್‌ಗಳ ಪಾಲು. ಹಾಗಂತ 'ಬಿಪಿ ಜೀನ್' ಅಂತ ಒಂದೇ ಒಂದು ಕೂತಿಲ್ಲ. ನೂರಾರು ಜಾಗಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳಿರುತ್ತವೆ, ಒಂದೊಂದೂ ಬಿಪಿಯನ್ನು ಸಾಮಾನ್ಯವಾಗಿ ಒಂದು ಪಾಯಿಂಟ್‌ನಷ್ಟೂ ಏರಿಸುವುದಿಲ್ಲ.

ಆಟ ಬಹುಪಾಲು ನಡೆಯುವುದು ಕಿಡ್ನಿಯಲ್ಲಿ. ಲೂಯಿಸ್ ಡಾಲ್ ಅನ್ನುವ ಅಮೆರಿಕದ ವೈದ್ಯರು 1960ರ ದಶಕದಲ್ಲಿ ಎರಡು ತಳಿಯ ಇಲಿಗಳನ್ನು ಬೆಳೆಸಿದರು. ಉಪ್ಪು ಜಾಸ್ತಿ ತಿನ್ನಿಸಿದರೆ ಒಂದು ತಳಿಗೆ ಬಿಪಿ ಏರುತ್ತಿತ್ತು, ಇನ್ನೊಂದಕ್ಕೆ ಏನೂ ಆಗುತ್ತಿರಲಿಲ್ಲ. ಆಮೇಲೆ ಕಿಡ್ನಿ ಅದಲುಬದಲು ಮಾಡಿ ನೋಡಿದರೆ ಬಿಪಿ ಕಿಡ್ನಿಯ ಹಿಂದೆಯೇ ಹೋಯಿತು. ಮನುಷ್ಯರಲ್ಲೂ ಹೀಗೇ, ಕೆಲವರ ಕಿಡ್ನಿ ಜಾಸ್ತಿಯಾದ ಉಪ್ಪನ್ನು ಸಲೀಸಾಗಿ ಹೊರಗೆ ಹಾಕುತ್ತದೆ, ಕೆಲವರದ್ದು ಹಿಡಿದಿಟ್ಟುಕೊಳ್ಳುತ್ತದೆ, ಅದರ ಜೊತೆ ನೀರೂ ಉಳಿಯುತ್ತದೆ. ಬಿಪಿ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಈ ಎರಡನೇ ಗುಂಪಿನವರು.

ಜೀನ್ ಮತ್ತು ಊಟ ಒಂದೇ ಜಾಗದಲ್ಲಿ ಕೈ ಹಾಕುತ್ತವೆ ಅನ್ನುವುದಕ್ಕೆ ನನಗೆ ತುಂಬಾ ಇಷ್ಟದ ಉದಾಹರಣೆ ಜ್ಯೇಷ್ಠಮಧು. ಕಾರ್ಟಿಸಾಲ್ ಅನ್ನುವ ಹಾರ್ಮೋನ್ ಕಿಡ್ನಿಗೆ 'ಉಪ್ಪು ಹಿಡಿದಿಡು' ಅಂತ ಹೇಳಬಲ್ಲದು, ಆದರೆ ಅಲ್ಲಿರುವ ಒಂದು ಕಿಣ್ವ ಅದರ ಬಾಯಿ ಮುಚ್ಚಿಸುತ್ತದೆ. ಜೀನ್ ದೋಷದಿಂದ ಈ ಕಿಣ್ವ ಕೆಲಸ ಮಾಡದೆ ಹುಟ್ಟುವ ಮಕ್ಕಳಿದ್ದಾರೆ. ತೀರಾ ಅಪರೂಪ, ಆದರೆ ಅವರಿಗೆ ಚಿಕ್ಕಂದಿನಲ್ಲೇ ವಿಪರೀತ ಬಿಪಿ, ಪೊಟ್ಯಾಸಿಯಂ ಕಡಿಮೆ. ಜೀನ್ ಸರಿಯಾಗಿಯೇ ಇರುವ ಮನುಷ್ಯ ದಿನಾ ಜ್ಯೇಷ್ಠಮಧು ಜಾಸ್ತಿ ಚಪ್ಪರಿಸಿದರೂ ಅದೇ ಕಿಣ್ವ ಕಟ್ಟಿಹೋಗುತ್ತದೆ, ಅದೇ ಬಿಪಿ, ಅದೇ ಪೊಟ್ಯಾಸಿಯಂ ಕೊರತೆ. ಅದಕ್ಕೇ ಕಾರಣ ಗೊತ್ತಾಗದೆ ಬಿಪಿ ಏರಿದವರನ್ನು ಕೆಮ್ಮಿಗೆ, ಗಂಟಲಿಗೆ ಏನು ತಗೊಳ್ತೀರಿ ಅಂತ ಕೇಳುತ್ತೇವೆ. ಸುಮ್ನೆ ಕೇಳುವುದಲ್ಲ.

ಉಲ್ಟಾ ಉದಾಹರಣೆಯೂ ಇದೆ. ಎಂಟಿಎಚ್‌ಎಫ್‌ಆರ್ ಅನ್ನುವ ಜೀನ್‌ನ ಒಂದು ರೂಪ ಅಪ್ಪ ಅಮ್ಮ ಇಬ್ಬರಿಂದಲೂ ಬಂದವರಿಗೆ ಬಿಪಿ ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ. ಇವರಿಗೆ ದಿನಕ್ಕೆ 1.6 ಮಿಲಿಗ್ರಾಂ ವಿಟಮಿನ್ ಬಿ2 ಕೊಟ್ಟು ನೋಡಿದಾಗ ಬಿಪಿ ಇಳಿದಿದೆ. ಆ ರೂಪ ಇಲ್ಲದವರಿಗೆ ಅದೇ ಮಾತ್ರೆಯಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. (ಓದಿದ ಕೂಡಲೇ ಮೆಡಿಕಲ್ ಶಾಪ್‌ಗೆ ಓಡಬೇಡಿ.) ಕಾಫಿಯದ್ದೂ ಹೀಗೇ, ಕೆಫೀನ್ ಬೇಗ ಕರಗಿಸುವವರೂ ನಿಧಾನಕ್ಕೆ ಕರಗಿಸುವವರೂ ಹುಟ್ಟಿನಿಂದಲೇ ಬೇರೆ ಬೇರೆ.

ಹಾಗಾದರೆ ಜೀನ್ ಟೆಸ್ಟ್ ಮಾಡಿಸಬೇಕಾ ಅಂತೀರಿ. ಸಾಮಾನ್ಯ ಬಿಪಿಗೆ ಬೇಡ ಅಂತಲೇ ನನ್ನ ಅಭಿಪ್ರಾಯ. ತೀರಾ ಚಿಕ್ಕ ವಯಸ್ಸಿನಲ್ಲಿ ಬಿಪಿ ಬಂದರೆ, ಪೊಟ್ಯಾಸಿಯಂ ಕಾರಣವಿಲ್ಲದೆ ಕಡಿಮೆಯಿದ್ದರೆ ಮಾತು ಬೇರೆ. ಉಳಿದವರಿಗೆ ಮನೆಯಲ್ಲಿರುವ ಬಿಪಿ ಮೆಷೀನೇ ಸಾಕು. ಎರಡು ಮೂರು ವಾರ ಉಪ್ಪು ನಿಜವಾಗಿ ಕಡಿಮೆ ಮಾಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕೂ ಕಮ್ಮಿ, ಬ್ರೆಡ್, ಚಿಪ್ಸ್, ಸಾಸ್‌ನಲ್ಲಿ ಅಡಗಿರುವುದೂ ಸೇರಿ. ಮೇಲುಪ್ಪು ಬಿಟ್ಟು ಚಿಪ್ಸ್ ಪ್ಯಾಕೆಟ್ ಖಾಲಿ ಮಾಡಿದರೆ ಲೆಕ್ಕಕ್ಕಿಲ್ಲ. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ಕೈ ಎದೆಯ ಮಟ್ಟಕ್ಕೆ ಇಟ್ಟು ಎರಡು ಸಲ ನೋಡಿ ಬರೆದಿಡಿ. ಮೊದಲಿನ ವಾರದ್ದೂ ಬರೆದಿರಬೇಕು, ಇಲ್ಲದಿದ್ದರೆ ಯಾವುದಕ್ಕೆ ಹೋಲಿಸುತ್ತೀರಿ ಅಲ್ವಾ? ಮಾತ್ರೆ ಮಾತ್ರ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ.

ಉಪ್ಪು ಬಿಡುವುದೊಂದೇ ದಾರಿ ಅಲ್ಲ. 1997ರಲ್ಲಿ ಬಂದ ಡ್ಯಾಶ್ ಅಧ್ಯಯನದಲ್ಲಿ ಉಪ್ಪನ್ನೂ ತೂಕವನ್ನೂ ಬದಲಿಸದೆ, ಹಣ್ಣು, ತರಕಾರಿ, ಕೊಬ್ಬು ಕಡಿಮೆಯಿರುವ ಹಾಲಿನ ಪದಾರ್ಥ ಜಾಸ್ತಿ ಕೊಟ್ಟಿದ್ದಕ್ಕೇ ಬಿಪಿ ಇದ್ದವರಲ್ಲಿ ಮೇಲಿನ ಅಂಕಿ ಸುಮಾರು 11 ಪಾಯಿಂಟ್ ಇಳಿಯಿತು. ಅವರ ಜೀನ್‌ಗಳನ್ನು ಆಮೇಲೆ ನೋಡಿದಾಗ, ಆಂಜಿಯೋಟೆನ್ಸಿನೋಜೆನ್ ಜೀನ್‌ನಲ್ಲಿ ಬಿಪಿ ಏರಿಸುವ ಕಡೆಗೆ ವಾಲುವ ರೂಪ ಇದ್ದವರಿಗೇ ಈ ಊಟದಿಂದ ಜಾಸ್ತಿ ಇಳಿದಿತ್ತು. ಏನು ಸುಖ ಅಂತ ಕೇಳುವವರಿಗೆ ನಾನು ತೋರಿಸುವುದು ಇದನ್ನೇ.

ಪೊಟ್ಯಾಸಿಯಂ ಬೆರೆಸಿದ 'ಲೋ ಸೋಡಿಯಂ' ಉಪ್ಪೂ ಕೆಲಸ ಮಾಡುತ್ತದೆ. ಆದರೆ ಕಿಡ್ನಿ ತೊಂದರೆ ಇರುವವರು, ರಾಮಿಪ್ರಿಲ್, ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ಥರದ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಬೇಡಿ, ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ಹದ ತಪ್ಪುತ್ತದೆ.